ಕಟ್ಟಿದವನ ಬೇಡಿಕೆ

ಇಲ್ಲದವನು ಬೇಡುವುದು ಲೋಕರೂಢಿ. ಹಸಿದವನು ಅನ್ನವನ್ನು ಬೇಡುತ್ತಾನೆ. ಬಿಸಿಲಿನಲ್ಲಿ ನಡೆದು ಬಂದವನು ನೀರನ್ನು ಬೇಡುತ್ತಾನೆ. ಬೇಡಿದ ವಸ್ತು ಕೈಸೇರಿದೊಡನೆ ಬೇಡಿಕೆಯೂ ಶಾಂತವಾಗುತ್ತದೆ. ಬಯಕೆಯನ್ನು ಕುರಿತು ಪೂರ್ವಿಕರು ಮಾಡಿರುವ ವಿಚಾರವೆಲ್ಲ ಬಹುಮಟ್ಟಿಗೆ ಈ ಬಗೆಯ ಬೇಡಿಕೆಯನ್ನೇ ಕಣ್ಣಮುಂದೆ ಇಟ್ಟುಕೊಂಡದ್ದು. ಆದರೆ ತನ್ನ ಬಯಕೆಯ ವಸ್ತುವನ್ನು ತನ್ನ ಕೈಯಿಂದಲೇ ಕಟ್ಟಿ, ಮೇಜಿನ ಮೇಲಿಟ್ಟು, ಅದರ ಎದುರಿಗೆ ಕುಳಿತುಕೊಂಡು, ಆ ಮೇಲೆ ಅದನ್ನೇ ಮತ್ತೊಬ್ಬರ ಬಳಿ ಬೇಡುವವನೊಬ್ಬನಿದ್ದಾನೆ. ಅವನ ಬೇಡಿಕೆಗೆ ಅರ್ಥವೇನು? ಪ್ರಶ್ನೆ ಹುಟ್ಟಿರುವುದು ಆಟಿಕೆಯ ವಿಷಯದಲ್ಲಿ. ಹಾಗೆಂದು ಅದನ್ನು ಹಗುರವೆಂದು ತಳ್ಳಿಬಿಡತಕ್ಕದ್ದಲ್ಲ. ಹೊಟ್ಟೆಯ ಪಾಡಿಗಾಗಿ ಮಾಡುವ ಕೆಲಸದಲ್ಲಿ ಮನುಷ್ಯನು ಪರಾಧೀನ; ಆಡುವಾಗ ಮಾತ್ರ ಅವನ ಇಚ್ಛೆ ತನ್ನ ನಿಜವಾದ ಬಣ್ಣವನ್ನು ತೋರಿಸುತ್ತದೆ.

ಆ ಆಟಿಕೆಯ ಕಥೆಯನ್ನು ಸ್ವಲ್ಪ ಹೇಳಬೇಕು. ಡೆನ್ಮಾರ್ಕ್ ದೇಶದ ಬಿಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿಯಿದ್ದನು. ಪ್ರಪಂಚದ ವ್ಯಾಪಾರವೆಲ್ಲ ಕುಸಿದಿದ್ದ ಕಾಲದಲ್ಲಿ, 1932ರಲ್ಲಿ, ಮನೆಕಟ್ಟುವ ಕೆಲಸ ದೊರೆಯದೆ ಆತನು ಮರದ ಆಟಿಕೆಗಳನ್ನು ಮಾಡತೊಡಗಿದನು. ಚೆನ್ನಾಗಿ ಆಡು ಎಂಬರ್ಥದ ಎರಡು ಡೇನಿಷ್ ಮಾತುಗಳನ್ನು ಕೂಡಿಸಿ ಎರಡು ವರ್ಷಗಳ ತರುವಾಯ ತನ್ನ ಉದ್ಯೋಗಕ್ಕೆ ಲೆಗೊ ಎಂದು ಹೆಸರಿಟ್ಟನು. 1949ರಲ್ಲಿ ಒಂದರ ಮೇಲೊಂದು ಕೂರುವ ಪ್ಲಾಸ್ಟಿಕ್ಕಿನ ಪುಟ್ಟ ಇಟ್ಟಿಗೆಗಳು ಅಲ್ಲಿಂದ ಹೊರಟವು. (ಇಂಥ ಇಟ್ಟಿಗೆಯ ಮೊದಲ ಕಲ್ಪನೆ ಇಂಗ್ಲೆಂಡಿನ ಹಿಲರಿ ಫಿಷರ್ ಪೇಜ್ ಎಂಬಾತನದು; ಅವನ ಪಾಲನ್ನು ಮರೆಯುವುದು ನ್ಯಾಯವಲ್ಲ.) ಆ ಮೊದಲ ಇಟ್ಟಿಗೆಗಳು ಸಡಿಲವಾಗಿದ್ದವು. ಓಲೆ ಕಿರ್ಕನ ಮಗ ಗೋಟ್‌ಫ್ರೆಡ್ 1958ರ ಜನವರಿ 28ರಂದು ಈಗಿನ ರೂಪಕ್ಕೆ ಪೇಟೆಂಟ್ ಕೇಳಿದನು. ಕೆಳಗಿನ ಇಟ್ಟಿಗೆಯ ನೆತ್ತಿಯ ಮೇಲಿರುವ ಗುಬುಟುಗಳು ಮೇಲಿನ ಇಟ್ಟಿಗೆಯ ಹೊಟ್ಟೆಯೊಳಗಿನ ಕೊಳವೆಗಳ ಸುತ್ತ ಬಿಗಿಯಾಗಿ ಕಚ್ಚಿಕೊಳ್ಳುತ್ತವೆ, ಎಳೆದರೆ ಬಿಟ್ಟುಕೊಳ್ಳುತ್ತವೆ. ಅಂಟು ಬೇಡ, ಮೊಳೆ ಬೇಡ. ಕಟ್ಟುವುದು ಎಷ್ಟು ಸುಲಭವೋ ಕೆಡವುವುದೂ ಅಷ್ಟೇ ಸುಲಭ.

ಎಂಟು ಗುಬುಟುಗಳ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಜೋಡಿಸಬಹುದು. ಮೂರಾದರೆ 1,060 ಬಗೆ. ಆರಾದರೆ 91 ಕೋಟಿ 51 ಲಕ್ಷ 3 ಸಾವಿರದ 765 ಬಗೆಯೆಂದು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಒಬ್ಬನ ಆಯುಷ್ಯವೆಲ್ಲ ಕಳೆದರೂ ಆರು ಇಟ್ಟಿಗೆಗಳು ಮುಗಿಯವು. ಇಂಥ ಸಾಮಗ್ರಿಯನ್ನು ಕೈಯಲ್ಲಿ ಹಿಡಿದುಕೊಂಡವನು ಮತ್ತೊಬ್ಬನ ಬಾಗಿಲಲ್ಲಿ ನಿಂತು, ತನಗೆ ಇಂಥ ಕೋಟೆ ಬೇಕು, ಇಂಥ ಹಡಗು ಬೇಕು ಎಂದು ಕೇಳುವುದು ಮೇಲುನೋಟಕ್ಕೆ ವಿಚಿತ್ರವೇ ಸರಿ.

ಹಾಗೆ ಕೇಳುವ ಅಭ್ಯಾಸಕ್ಕೆ ತಯಾರಕರೇ ದಾರಿ ಮಾಡಿಕೊಟ್ಟರೆನ್ನಬೇಕು. 1978ರಲ್ಲಿ ಕೈಕಾಲು ಆಡಿಸುವ ಪುಟ್ಟ ಬೊಂಬೆಗಳು ಬಂದವು. ಅದೇ ಕಾಲಕ್ಕೆ ಹಳದಿಯ ಬಣ್ಣದ ಒಂದು ಕೋಟೆಯೂ ಬಂದಿತು. ಕೋಟೆಗೆ ಕಲ್ಲಿನ ಬೂದುಬಣ್ಣ ಸಹಜವಲ್ಲವೆ? ಬೂದು ಇಟ್ಟಿಗೆ ಕೊಟ್ಟರೆ ಹುಡುಗರು ಯುದ್ಧದ ಟ್ಯಾಂಕುಗಳನ್ನು ಕಟ್ಟಿಯಾರೆಂದು ಹಿಂಜರಿದರೆಂದು ಹೇಳುವುದುಂಟು. ಆ ಕೋಟೆಯ ವೀರರ ಕೈಯಲ್ಲಿ ಕತ್ತಿಯೇನೋ ಇತ್ತು. ಆದರೆ ಎಲ್ಲರ ಮುಖವೂ ಒಂದೇ: ಎರಡು ಚುಕ್ಕೆ, ಒಂದು ನಗೆ. ವೈರಿಯೂ ಹಾಗೆಯೇ ನಗುತ್ತಿದ್ದನು, ಮಿತ್ರನೂ ಹಾಗೆಯೇ ನಗುತ್ತಿದ್ದನು. ಯಾರು ದುಷ್ಟ, ಯಾರು ಶಿಷ್ಟ ಎಂಬ ತೀರ್ಪು ಮಗುವಿನದು. ಮಧ್ಯಾಹ್ನ ಕೊಟ್ಟ ತೀರ್ಪನ್ನು ಸಾಯಂಕಾಲ ಬದಲಾಯಿಸಲೂಬಹುದಾಗಿತ್ತು. 1989ರಲ್ಲಿ ಕಡಲುಗಳ್ಳರು ಬಂದಾಗ ಈ ಸಮತೆ ಮುರಿಯಿತು. ಒಬ್ಬನಿಗೆ ಕಣ್ಣಿನ ಮೇಲೆ ಕರಿಯ ಪಟ್ಟಿ, ಒಬ್ಬನಿಗೆ ಮರದ ಕಾಲು, ಕೈಯಿರಬೇಕಾದ ಕಡೆ ಕೊಕ್ಕೆ, ಮುಖದ ತುಂಬ ಗಡ್ಡ. ಬೊಂಬೆ ತನ್ನ ಸ್ವಭಾವವನ್ನು ತಾನೇ ಹೇಳಿಕೊಂಡು ಪೆಟ್ಟಿಗೆಯಿಂದ ಹೊರಬಂದಿತು. ಮಕ್ಕಳಿಗೆ ಇದು ಅತ್ಯಂತ ಪ್ರಿಯವಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೂ ಒಂದು ಅಧಿಕಾರ ಸದ್ದಿಲ್ಲದೆ ಕೈಬದಲಾಯಿಸಿತು.

ಮುಂದಿನದು ಬೇಗ ಬೇಗ ನಡೆಯಿತು. 1993ರಲ್ಲಿ ಮಾಂತ್ರಿಕನೂ ರೆಕ್ಕೆಯ ಡ್ರ್ಯಾಗನ್ನೂ, 1998ರಲ್ಲಿ ಈಜಿಪ್ಟಿನ ಗೋರಿಗಳೊಳಗೆ ನಿಧಿ ಹುಡುಕುವ ಸಾಹಸಿಗನೂ ಬಂದರು. 1999ರಲ್ಲಿ ಸ್ಟಾರ್ ವಾರ್ಸ್ ಚಲನಚಿತ್ರಗಳ ಕಥೆಯೇ ಪೆಟ್ಟಿಗೆಯೊಳಗೆ ಕುಳಿತಿತು. 2007ರ ಕೋಟೆಗಳಲ್ಲಿ ನಡೆದಾಡುವ ಅಸ್ಥಿಪಂಜರಗಳು; ಅವುಗಳ ಹಿಂದೆಯೇ ಕುಳ್ಳರು, ದೈತ್ಯರು. ಹೀಗೆ ಬೆಳೆದ ಕೋಟೆಯ ಮಾಲೆ 2013ರ ಹೊತ್ತಿಗೆ ನಿಂತುಹೋಯಿತು. 2016ರಿಂದ 2018ರವರೆಗೆ ಯಂತ್ರಾಯುಧಗಳ ನೆಕ್ಸೊ ವೀರರು ಬಂದುಹೋದರು. ಹಳಬರು ಅವರನ್ನು ತಮ್ಮ ಕುಲದವರೆಂದು ಒಪ್ಪಲಿಲ್ಲ. ಎಂಬತ್ತರ ದಶಕದಲ್ಲಿ ನೆಲದ ಮೇಲೆ ಕುಳಿತು ಕೋಟೆ ಕಟ್ಟಿದ್ದ ಮಕ್ಕಳು ಅಷ್ಟರಲ್ಲಿ ಗೃಹಸ್ಥರಾಗಿದ್ದರು. ಕೋಟೆ ಮರಳಿ ಬರಲಿ, ಕಡಲುಗಳ್ಳರು ಮರಳಿ ಬರಲಿ ಎಂಬ ಕೂಗು ಎದ್ದದ್ದು ಮುಖ್ಯವಾಗಿ ಅವರಿಂದ.

ಆ ಕೂಗಿಗೆ ಒಂದು ಕ್ರಮ ಏರ್ಪಟ್ಟಿತು. 2008ರಲ್ಲಿ ಜಪಾನಿನಲ್ಲಿ ಆರಂಭವಾಗಿ, 2011ರಲ್ಲಿ ಎಲ್ಲ ದೇಶಗಳಿಗೂ ತೆರೆದು, 2014ರಲ್ಲಿ ಲೆಗೊ ಐಡಿಯಾಸ್ ಎಂಬ ಹೆಸರು ಪಡೆದ ಏರ್ಪಾಡು ಅದು. ಯಾರು ಬೇಕಾದರೂ ತಮ್ಮ ಇಚ್ಛೆಯನ್ನು ಮುಂದಿಡಬಹುದು. ಹತ್ತು ಸಾವಿರ ಜನ ಅದನ್ನು ಅನುಮೋದಿಸಿದರೆ ತಯಾರಕರು ಪರಿಶೀಲಿಸುತ್ತಾರೆ. ಆ ಎತ್ತರವನ್ನು ಮುಟ್ಟಿದವುಗಳಲ್ಲಿಯೂ ಹೆಚ್ಚಿನವು ತಿರಸ್ಕೃತವಾಗುತ್ತವೆ. ಆದರೆ ವಿಚಾರಕ್ಕೆ ಮುಖ್ಯವಾದ ನಿಯಮ ಬೇರೊಂದಿದೆ. ಬರಿಯ ಮಾತಿನಲ್ಲಿ ಕೋಟೆ ಬೇಕು ಎಂದು ಬರೆದರೆ ಸಾಲದು; ಬೇಕಾದುದನ್ನು ಇಟ್ಟಿಗೆಗಳಿಂದಲೋ ಗಣಕಯಂತ್ರದ ಚಿತ್ರದಲ್ಲಿಯೋ ಪೂರ್ತಿಯಾಗಿ ಕಟ್ಟಿ ತೋರಿಸಬೇಕು. ಬೇಡಿಕೆ ಹೊರಡುವ ಮೊದಲೇ ಬೇಡುವವನ ಕೈಯಲ್ಲಿ ವಸ್ತು ಸಿದ್ಧವಾಗಿರುತ್ತದೆ. ಹಾಗಾದರೆ ಬೇಡುವುದೇತಕ್ಕೆ?

ಇದು ವ್ಯಾಪಾರ, ಹಣದ ಆಸೆ ಎಂದು ಒಬ್ಬರು ಹೇಳಬಹುದು. ಅಂಗೀಕೃತವಾದ ಮಾದರಿಯ ಕರ್ತೃವಿಗೆ ನಿವ್ವಳ ಮಾರಾಟದಲ್ಲಿ ನೂರಕ್ಕೆ ಒಂದು ಪಾಲು ಸಲ್ಲುತ್ತದೆಂಬುದು ನಿಜ. ಆದರೆ ಈ ಉತ್ತರ ಒಬ್ಬನಿಗೆ ಹೊಂದಿದರೆ ಹತ್ತು ಸಾವಿರ ಜನಕ್ಕೆ ಹೊಂದುವುದಿಲ್ಲ. ಅನುಮೋದಿಸಿದವರಿಗೆ ಬಿಡಿಕಾಸೂ ಬರುವುದಿಲ್ಲ; ಮುಂದೆ ಅವರೇ ಹಣ ತೆತ್ತು ಕೊಳ್ಳಬೇಕು. ಇನ್ನೊಬ್ಬರು, ಇದು ವಯಸ್ಸಾದರೂ ಬಿಡದ ಹುಡುಗುತನ ಎಂದಾರು. ಹುಡುಗುತನ ಹೀಗಿರುವುದಿಲ್ಲ. ಹುಡುಗನಿಗೆ ಕೋಟೆ ಬೇಕಾದರೆ ಅವನು ಮತ ಸಂಗ್ರಹಿಸುವುದಿಲ್ಲ. ಇರುವ ಇಟ್ಟಿಗೆಯಲ್ಲಿ ಕಟ್ಟುತ್ತಾನೆ, ಸಾಲದೆ ಬಂದ ಕಡೆ ಬೆಂಕಿಪೆಟ್ಟಿಗೆಯನ್ನು ಬುರುಜು ಮಾಡುತ್ತಾನೆ.

ಮೂರನೆಯ ಸಮಾಧಾನ ಹೆಚ್ಚು ಬಲವಾದದ್ದು. ಎಲ್ಲವೂ ಇಟ್ಟಿಗೆಯಿಂದ ಆಗುವುದಿಲ್ಲ ಎಂಬುದು ಅದು. ಗೋಡೆಯನ್ನು ಯಾರಾದರೂ ಕಟ್ಟಿಯಾರು; ಕುದುರೆಯನ್ನು, ಖಡ್ಗವನ್ನು, ಬೊಂಬೆಯ ಶಿರಸ್ತ್ರಾಣವನ್ನು ಅಚ್ಚಿನಲ್ಲಿ ಎರೆಯಬೇಕು. ಉಕ್ಕಿನ ಅಚ್ಚನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೊರೆಸುವುದಕ್ಕೆ ತಗಲುವ ವೆಚ್ಚ ಒಬ್ಬ ಗೃಹಸ್ಥನಿಗೆ ಎಟುಕತಕ್ಕದ್ದಲ್ಲ. ಇದಕ್ಕೆ ಆಡಿನ ಕಥೆಗಿಂತ ಒಳ್ಳೆಯ ನಿದರ್ಶನವಿಲ್ಲ.

2011ರಲ್ಲಿ ಹಳ್ಳಿಯೊಂದರ ಗಾಳಿಗಿರಣಿಯ ಮೇಲೆ ದಾಳಿ ನಡೆಯುವ ಪೆಟ್ಟಿಗೆಯೊಂದು ಬಂದಿತು. ಅದರಲ್ಲಿ ದಾಳಿಕಾರರು, ರೈತರು, ಕೋಳಿ ಮೊದಲಾದವುಗಳ ಜೊತೆಗೆ ಒಂದು ಆಡು ಇದ್ದಿತು. ತರುವಾಯ ಬಹುವರ್ಷಗಳ ಕಾಲ ಮತ್ತಾವ ಪೆಟ್ಟಿಗೆಯಲ್ಲಿಯೂ ಆ ಆಡು ಕಾಣಲಿಲ್ಲ. ಹಳೆಯ ಸಾಮಾನಿನ ಪೇಟೆಯಲ್ಲಿ ಅದರ ಬೆಲೆ ಏರುತ್ತ ಹೋಯಿತು. ಡ್ರ್ಯಾಗನ್ನುಗಳು ಬೇಕಾದಷ್ಟು ದೊರೆಯುತ್ತಿದ್ದ ಕಾಲವದು. 2011ರಲ್ಲಿಯೇ ಮೊದಲಾದ ನಿಂಜಾಗೊ ಮಾಲೆಯಲ್ಲಿ ಬಣ್ಣಬಣ್ಣದ ಡ್ರ್ಯಾಗನ್ನುಗಳು ಸಾಲುಸಾಲಾಗಿ ಹಾರಿಬಂದವು. 2015ರಿಂದ 2018ರವರೆಗೆ ಎಲ್ವ್ಸ್ ಎಂಬ ಮಾಲೆಯಲ್ಲಿಯೂ ಅವುಗಳಿಗೆ ಬರವಿರಲಿಲ್ಲ. ಅದ್ಭುತಪ್ರಿಯರಾದ ಈ ಜನ ವರ್ಷಗಟ್ಟಲೆ ಹಂಬಲಿಸಿದ್ದು ಹುಲ್ಲು ಮೇಯುವ ಆಡಿಗಾಗಿ.

ಇಲ್ಲಿ ಒಂದು ನಿಮಿಷ ನಿಲ್ಲುವುದು ಒಳ್ಳೆಯದು. ಅದ್ಭುತವನ್ನು ಬಯಸುವವನು ಲೋಕದಿಂದ ಓಡಿಹೋಗುತ್ತಾನೆಂಬ ಆಕ್ಷೇಪಣೆ ಹಳೆಯದು. ಅಡಗೂಲಜ್ಜಿಯ ಕಥೆಯ ಮೇಲೂ ಈ ಆಕ್ಷೇಪಣೆ ಇದ್ದಿತು, ನಾಟಕದ ಮೇಲೂ ಇದ್ದಿತು. ಆಡಿನ ಸಾಕ್ಷ್ಯ ಅದಕ್ಕೆ ವಿರೋಧವಾಗಿದೆ. ಕೋಟೆಯಿದ್ದ ಮೇಲೆ ಅದರೊಳಗೆ ರಾಜನಿರಬೇಕು, ರಾಜನು ಊಟಮಾಡಬೇಕು, ಊಟಕ್ಕೆ ಹಾಲು ಬೇಕು. ಹಾಲಿಲ್ಲದ ಕೋಟೆ ಬರಿಯ ಗೋಡೆ. ಅಭಿಮಾನಿಗಳ ಬೇಡಿಕೆಯಿಂದ 2021ರಲ್ಲಿ ಹೊರಟ ಪೆಟ್ಟಿಗೆಯೊಂದನ್ನು ನೋಡಿದರೂ ಇದೇ ತೋರುತ್ತದೆ. ಹತ್ತು ಸಾವಿರ ಜನರ ಅನುಮೋದನೆ ಪಡೆದು ಬಂದ ಅದು ಮಧ್ಯಯುಗದ ಒಬ್ಬ ಕಮ್ಮಾರನ ಮನೆ. ಒಟ್ಟು 2,164 ತುಂಡುಗಳು. ಕೆಳಗೆ ಕುಲುಮೆ, ಮಹಡಿಯಲ್ಲಿ ಅಡುಗೆಯ ಮನೆ, ಮಾಡಿನ ಕೆಳಗೆ ಮಲಗುವ ಕೋಣೆ. ಯುದ್ಧವಿಲ್ಲ, ಮಂತ್ರವಿಲ್ಲ. ಕತ್ತಿಯಿದ್ದರೂ ಅದು ಇನ್ನೂ ಕುಲುಮೆಯಲ್ಲಿದೆ. ಬಯಕೆಯ ಆಳದಲ್ಲಿರುವುದು ಅಚ್ಚರಿಯ ಘಟನೆಯಲ್ಲ, ಬಾಳಬಹುದಾದ ಒಂದು ಊರು ಎಂದು ಊಹಿಸಲು ಇಷ್ಟು ಸಾಕು. ಗೃಹಸ್ಥನಾದವನು ತನ್ನ ನಿಜವಾದ ಊರಿನಲ್ಲಿ ಒಂದು ಚರಂಡಿಯನ್ನೂ ತನ್ನ ಇಷ್ಟದಂತೆ ತಿರುಗಿಸಲಾರನು. ಮೇಜಿನ ಮೇಲಿನ ಊರಿನಲ್ಲಿ ಕಮ್ಮಾರನ ಮನೆ ಎಲ್ಲಿರಬೇಕೆಂಬುದನ್ನು ಅವನೇ ನಿರ್ಣಯಿಸುತ್ತಾನೆ.

ಆದರೂ ಮೂರನೆಯ ಸಮಾಧಾನ ಪೂರ್ತಿ ಸಾಲದು. ಕಮ್ಮಾರನ ಮನೆಗೆ ಅಪೂರ್ವವಾದ ಅಚ್ಚೇನೂ ಬೇಕಾಗಿರಲಿಲ್ಲ. ಅದನ್ನು ಮುಂದಿಟ್ಟವನು ಮೊದಲೇ ಕಟ್ಟಿ ಮುಗಿಸಿದ್ದನು. ವಸ್ತುವಿನ ಕೊರತೆಯಿಂದ ಹುಟ್ಟಿದ ಬೇಡಿಕೆ ಅದಾಗಿರಲಾರದು. ಬೃಹದಾರಣ್ಯಕೋಪನಿಷತ್ತು ಸೃಷ್ಟಿಯ ಮೊದಲನ್ನು ಹೇಳುವಾಗ ಎರಡನೆಯವರ ಬಯಕೆಗೆ ಒಂಟಿತನವನ್ನೇ ಕಾರಣವಾಗಿ ಇಡುತ್ತದೆ. ಸರ್ವವೂ ತಾನೇ ಆಗಿದ್ದವನಿಗೆ ಯಾವುದರ ಅಭಾವವಿದ್ದಿತು? ಜೊತೆಯ ಅಭಾವ. ಮೇಜಿನ ಮೇಲೆ ಊರೊಂದನ್ನು ಕಟ್ಟಿ ಕುಳಿತವನ ಸ್ಥಿತಿಯೂ ಸಣ್ಣ ಪ್ರಮಾಣದಲ್ಲಿ ಅದೇ. ಊರು ಪೂರ್ತಿಯಾಗಿದೆ, ಅದನ್ನು ಕಂಡವರಿಲ್ಲ. ಅವನ ಕನಸು ಅವನೊಬ್ಬನದಾಗಿರುವ ತನಕ ಅದು ನಿಜವೋ ಭ್ರಾಂತಿಯೋ ಎಂಬ ಸಂದೇಹ ಅವನನ್ನೇ ಬಿಡುವುದಿಲ್ಲ. ಮತ್ತೊಬ್ಬನು ಬೇರೊಂದು ದೇಶದಲ್ಲಿ ಅದೇ ಕುಲುಮೆಯನ್ನು ಕಟ್ಟಿ, ಅದೇ ಮಾಡಿನ ಕೆಳಗೆ ಇಣಿಕಿ ನೋಡಿದನೆಂದಾಗ ಆ ಸಂದೇಹ ತೀರುತ್ತದೆ. ಕವಿತೆ ಬರೆದವನು ಅದನ್ನು ಕಂಠಪಾಠ ಮಾಡಿ ಸುಮ್ಮನಿರದೆ ಅಚ್ಚುಹಾಕಿಸಲು ಹೊರಡುವುದೂ ಇದರಿಂದಲೇ. ಅದನ್ನು ಜಂಭವೆನ್ನುವವರು ಎನ್ನಲಿ. ಜಂಭದ ಪಾಲು ಇಲ್ಲದ ಸಹವಾಸಬಯಕೆ ಲೋಕದಲ್ಲಿ ಅಪರೂಪ.

ಇಷ್ಟನ್ನು ಒಪ್ಪಿದ ಮೇಲೆ ಕಷ್ಟ ಆರಂಭವಾಗುತ್ತದೆ. ಜೊತೆಗಾಗಿ ಮಾಡಿದ ಬೇಡಿಕೆ ಈಡೇರುವಾಗ ಏನಾಗುತ್ತದೆ? ಒಬ್ಬ ಅಭಿಮಾನಿ ಕಡಲುಗಳ್ಳರ ಕೊಲ್ಲಿಯೊಂದನ್ನು ಕಟ್ಟಿ ಮುಂದಿಟ್ಟನು. 2020ರಲ್ಲಿ ಅದು 2,545 ತುಂಡುಗಳ ಪೆಟ್ಟಿಗೆಯಾಗಿ ಹೊರಬಂದಾಗ, ಒಡೆದ ಹಡಗಿನ ಅವಶೇಷಗಳಿಂದಾದ ದ್ವೀಪವಾಗಿದ್ದಿತು. ಆ ಅವಶೇಷಗಳನ್ನು ಬಿಚ್ಚಿ ಬೇರೆಯಾಗಿ ಜೋಡಿಸಿದರೆ 1989ರ ಕಡಲುಗಳ್ಳರ ಹಡಗಾದ ಬಾರಕುಡ ಎದ್ದು ನಿಲ್ಲುತ್ತಿತ್ತು. ಕೆಲಸ ಬಹಳ ಜಾಣತನದ್ದು. ಆದರೆ ಹೊಸ ಕನಸೊಂದು ಕಾರ್ಖಾನೆಯ ಒಳಹೊಕ್ಕು ಹಳೆಯ ನೆನಪಾಗಿ ಹೊರಬಂದಿತೆಂಬುದೂ ಅಷ್ಟೇ ನಿಜ. ಹತ್ತು ಸಾವಿರ ಜನ ಒಂದಾಗಿ ಬಯಸುವುದು ಸಾಮಾನ್ಯವಾಗಿ ಅವರೆಲ್ಲರೂ ಹಿಂದೆ ಕಂಡದ್ದನ್ನೇ. ಎಂದೂ ಕಾಣದ್ದನ್ನು ಬಯಸುವವನ ಹಿಂದೆ ಅಷ್ಟು ಜನ ನಿಲ್ಲುವುದು ಕಷ್ಟ. ಮತಗಣನೆಯಿಂದ ಆರಿಸಿದ ಅದ್ಭುತದಲ್ಲಿ ಅದ್ಭುತದ ಅಂಶ ಸ್ವಲ್ಪ ಕಡಮೆಯಾದರೆ ಆಶ್ಚರ್ಯವಿಲ್ಲ.

ಪೆಟ್ಟಿಗೆಯೊಳಗಿನ ಸೂಚನೆಯ ಪುಸ್ತಕದ ಮಾತೂ ಉಂಟು. ಕರ್ತೃವು ಎಷ್ಟೋ ಸಲ ಕೆಡವಿ ಕಟ್ಟಿ ಕಂಡುಕೊಂಡದ್ದನ್ನು ಕೊಂಡವನು ಪುಟ ತಿರುವುತ್ತ ಕಟ್ಟುತ್ತಾನೆ. ಇದನ್ನು ಪೂರ್ತಿಯಾಗಿ ಹಳಿಯುವುದು ಸರಿಯಲ್ಲ. ಸಂಗೀತ ಕಲಿಯುವವನು ವರ್ಷಗಟ್ಟಲೆ ಇನ್ನೊಬ್ಬರ ಕೀರ್ತನೆಗಳನ್ನು ಹಾಡುತ್ತಾನೆ. ಅದರಿಂದ ಅವನ ಕಂಠಕ್ಕೆ ಕುಂದಿಲ್ಲ. ಒಂದು ಮಾಡನ್ನು ಹೀಗೆ ಇಳಿಜಾರು ಮಾಡಬಹುದೆಂದು ಪುಸ್ತಕದಿಂದ ತಿಳಿದ ಕೈ ನಾಳೆ ತನ್ನದೇ ಮಾಡನ್ನು ಕಟ್ಟೀತು. ಆದರೆ ಕಟ್ಟಿದ್ದನ್ನು ಮತ್ತೆಂದೂ ಬಿಚ್ಚದೆ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕುವ ಪದ್ಧತಿ ದೊಡ್ಡವರಲ್ಲಿ ಬಲವಾಗಿದೆ. ಎಳೆದರೆ ಬಿಡುವ ಗುಣಕ್ಕಾಗಿಯೇ ಹುಟ್ಟಿದ ಇಟ್ಟಿಗೆಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಾರದು.

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ನ್ಯಾಯದ್ದು. 2022ರಲ್ಲಿ ತಮ್ಮ 90 ವರ್ಷಗಳ ಉತ್ಸವದ ಸಂದರ್ಭದಲ್ಲಿ ತಯಾರಕರು ಸಿಂಹಲಾಂಛನದ ವೀರರ ಕೋಟೆಯನ್ನು ಹೊರತಂದರು. 4,514 ತುಂಡುಗಳು, 22 ಬೊಂಬೆಗಳು, ಅಮೆರಿಕದಲ್ಲಿ ಅಂದಿನ ಬೆಲೆ ಸುಮಾರು 400 ಡಾಲರು. ಪೆಟ್ಟಿಗೆಯ ಮೇಲೆ ಹದಿನೆಂಟು ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತು. ಕಮ್ಮಾರನ ಮನೆಗೂ ಅದೇ ಗುರುತು, ಕಡಲುಗಳ್ಳರ ದ್ವೀಪಕ್ಕೆ ಹದಿನಾರರ ಗುರುತು. ಮಕ್ಕಳಿಗೆ ಏನೂ ಉಳಿಯಲಿಲ್ಲವೆಂದರೆ ಅದು ಸುಳ್ಳಾಗುತ್ತದೆ. 2021ರಲ್ಲಿ ಒಂಬತ್ತು ವರ್ಷದವರಿಗೆಂದು ಮೂರು ಬಗೆಯಲ್ಲಿ ಕಟ್ಟಬಹುದಾದ ಕೋಟೆಯೊಂದು ಬಂದಿತ್ತು. ಆದರೆ ಹಿಂದೆ ಇದ್ದ ಸಾಲು ಬೇರೆ. ಎಂಬತ್ತರ, ತೊಂಬತ್ತರ ದಶಕಗಳಲ್ಲಿ ದೊಡ್ಡ ಕೋಟೆಯ ಪಕ್ಕದಲ್ಲಿಯೇ ಒಬ್ಬ ವೀರನೂ ಒಂದು ಕುದುರೆಯೂ ಇರುವ ಸಣ್ಣ ಪೆಟ್ಟಿಗೆ ಇರುತ್ತಿದ್ದಿತು. ಕೋಟೆ ಕೊಳ್ಳಲಾರದ ಮನೆಯ ಹುಡುಗನೂ ಆ ಒಬ್ಬ ವೀರನನ್ನು ಹಿಡಿದುಕೊಂಡು ಆ ಲೋಕದ ಪ್ರಜೆಯಾಗುತ್ತಿದ್ದನು. ಉಳಿದ ಕೋಟೆಯನ್ನು ಅವನ ಕಲ್ಪನೆ ಕಟ್ಟುತ್ತಿದ್ದಿತು.

ಹಿರಿಯರು ತಮ್ಮ ಬಾಲ್ಯವನ್ನು ಮರಳಿ ಬಯಸಿದರು. ಅವರ ಬಯಕೆ ಪ್ರಾಮಾಣಿಕವಾದದ್ದು. ಬಯಸಿದ್ದು ಬಾಲ್ಯವನ್ನು, ಕೈಗೆ ಬಂದದ್ದು ಬಾಲಕನು ಕೊಳ್ಳಲಾರದ ಕೋಟೆ. ಇದರಲ್ಲಿ ಯಾರದೂ ದುರುದ್ದೇಶವಿಲ್ಲ. ಮತ ಹಾಕಬಲ್ಲವರು ಹಾಕಿದರು, ಹಣವುಳ್ಳವರು ಕೊಂಡರು, ಮಾರುವವರು ಮಾರಿದರು. ಆರು ವರ್ಷದ ಮಗು ಅರ್ಜಿ ಬರೆಯುವುದಿಲ್ಲ; ತಾನು ಎಂದೂ ನೋಡದಿರುವ ಕೋಟೆಯ ಮಾಲೆ ತನಗೆ ತಪ್ಪಿಹೋಯಿತೆಂದು ಅದಕ್ಕೆ ತಿಳಿಯುವುದೂ ಇಲ್ಲ. ತಿಳಿಯದವನ ನಷ್ಟವನ್ನು ನಷ್ಟವೆಂದು ಎಣಿಸಬೇಕೆ? ಎಣಿಸಬೇಕಾಗಿಲ್ಲವೆಂದು ವಾದಿಸುವವನು, ಓದು ಬಾರದ ಮನೆಯಲ್ಲಿ ಪುಸ್ತಕವಿಲ್ಲದಿರುವುದು ನಷ್ಟವಲ್ಲವೆಂದೂ ವಾದಿಸಬೇಕಾಗುತ್ತದೆ. ಬೇಡಿಕೆಗೆ ದನಿಯುಳ್ಳವನು ಕೇಳುವಾಗ, ದನಿಯಿಲ್ಲದವನ ಹೆಸರಿನಲ್ಲಿಯೂ ಒಂದು ಮಾತು ಸೇರಿಸುವ ಹೊಣೆ ಅವನ ಮೇಲಿದೆ. ಎಂಬತ್ತರ ದಶಕದ ಹುಡುಗನಿಗೆ ಆ ಸಣ್ಣ ಪೆಟ್ಟಿಗೆ ದೊರೆತದ್ದು ಅವನು ಅರ್ಜಿ ಹಾಕಿದ್ದರಿಂದಲ್ಲ.

2024ರಲ್ಲಿ ಮಧ್ಯಯುಗದ ಪೇಟೆಚೌಕವೊಂದು ಪೆಟ್ಟಿಗೆಯಾಗಿ ಬಂದಿತು: 3,304 ತುಂಡುಗಳು. ಮನೆಗಳ ನಡುವಿನ ಆ ಬಯಲಿಗೆ, ಹದಿಮೂರು ವರ್ಷಗಳ ಹಂಬಲಕ್ಕೆ ಉತ್ತರವಾಗಿ, ಆಡು ಮರಳಿ ಬಂದಿತು. ಇದರ ಮೇಲೆಯೂ ಹದಿನೆಂಟರ ಗುರುತು ಇದ್ದಿತು. ಆದರೆ ಆಡಿಗೆ ಅಚ್ಚು ಸಿದ್ಧವಾದ ಮೇಲೆ ಅದನ್ನು ಎಷ್ಟು ಬೇಕಾದರೂ ಎರೆಯಬಹುದು. ಒಬ್ಬ ಹುಡುಗಿ, ಒಂದು ಹಿಡಿ ಹಸುರು ಇಟ್ಟಿಗೆ, ಒಂದು ಆಡು. ಇಷ್ಟೇ ಇರುವ, ಅಗ್ಗದ ಬೆಲೆಯ ಒಂದು ಸಣ್ಣ ಪೆಟ್ಟಿಗೆಯನ್ನು ಮಾಡುವುದಕ್ಕೆ ಹತ್ತು ಸಾವಿರ ಜನರ ಅನುಮೋದನೆ ಬೇಕಾಗಿಲ್ಲ.